ರಸೀದಿಯಿಲ್ಲದ ದಂಡ

ಈಚೆಗೆ ಪಟ್ಟಣದ ಒಂದು ವೃತ್ತದಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯೊಂದನ್ನು ಓದುಗರ ಮುಂದಿಡುತ್ತೇವೆ. ಹೆಲ್ಮೆಟ್ಟಿಲ್ಲದೆ ಸ್ಕೂಟರು ನಡೆಸುತ್ತಿದ್ದ ಇಬ್ಬರನ್ನು ಸಂಚಾರ ಪೋಲೀಸರು ಒಟ್ಟಿಗೇ ತಡೆದರು. ಒಬ್ಬರು ಅನುಕೂಲಸ್ಥ ಗೃಹಸ್ಥರು. ಇನ್ನೊಬ್ಬನು ಮನೆಮನೆಗೆ ಊಟ ತಲುಪಿಸಿ ಹೊಟ್ಟೆ ಹೊರೆಯುವ ತರುಣ. ಗೃಹಸ್ಥರು ಜೇಬಿನಿಂದ ಫೋನು ತೆಗೆದು ಯಾರೊಡನೆಯೋ ಎರಡು ಮಾತಾಡಿ ಅದನ್ನು ಅಧಿಕಾರಿಯ ಕೈಗಿತ್ತರು. ಅಧಿಕಾರಿಯು "ಆಗಲಿ ಸಾರ್" ಎಂದು ಎರಡು ಸಲ ಹೇಳಿ ಫೋನನ್ನು ಹಿಂದಿರುಗಿಸಿದನು. ಗೃಹಸ್ಥರು ಹೊರಟುಹೋದರು. ತರುಣನು ಐನೂರು ರೂಪಾಯಿ ತೆತ್ತನು. ತಪ್ಪು ಒಂದೇ, ಕಾಯಿದೆ ಒಂದೇ. ಆದರೆ ದಂಡ ಮಾತ್ರ ಫೋನಿಲ್ಲದವನಿಗೆ!

ಈ ಕಾಯಿದೆಯೇ ಅನ್ಯಾಯವಾದುದೆಂದು ನಾವು ಹೇಳುವವರಲ್ಲ. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಇವರಲ್ಲಿ ಐವತ್ತು ಸಾವಿರಕ್ಕೂ ಮಿಕ್ಕವರು ಹೆಲ್ಮೆಟ್ಟು ಧರಿಸದ ಸವಾರರು ಮತ್ತು ಹಿಂಬದಿಯವರು. ಈ ಹಾನಿಯನ್ನು ತಡೆಯಲೆಂದೇ 1988ರ ಮೋಟಾರು ವಾಹನಗಳ ಕಾಯಿದೆಯನ್ನು 2019ರಲ್ಲಿ ತಿದ್ದಿ ದಂಡಗಳನ್ನು ಹಲವು ಪಟ್ಟು ಏರಿಸಲಾಯಿತು. ಹೆಲ್ಮೆಟ್ಟಿನ ತಪ್ಪಿಗೆ ಸಾವಿರ ರೂಪಾಯಿಯೆಂದು ಅದರಲ್ಲಿ ವಿಧಿಸಿದ್ದನ್ನು ನಮ್ಮ ರಾಜ್ಯ ಸರಕಾರವು ಅದೇ ಸಪ್ಟೆಂಬರಿನಲ್ಲಿ ಐನೂರಕ್ಕೆ ಇಳಿಸಿತು. ದಂಡವು ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಹಾಗಿರಲಿ. ತಡೆದು ನಿಲ್ಲಿಸಲ್ಪಟ್ಟ ನಾಗರಿಕನು ಆ ಐದು ನಿಮಿಷಗಳಲ್ಲಿ ಹೇಗೆ ನಡೆದುಕೊಳ್ಳಬೇಕು? ವಿದ್ಯಾವಂತರೆನಿಸಿಕೊಂಡ ನಮ್ಮಲ್ಲಿಯೂ ಹಲವರಿಗೆ ಇದು ತಿಳಿಯದು, ತಿಳಿದವರಿಗೆ ಆಚರಣೆಯಲ್ಲಿಲ್ಲ.

ಮೊದಲನೆಯದಾಗಿ, ಸಮವಸ್ತ್ರ ಧರಿಸಿದ ಪೋಲೀಸನು ಕೈ ತೋರಿದೊಡನೆ ವಾಹನವನ್ನು ನಿಧಾನವಾಗಿ ಬದಿಗೆ ತಂದು ನಿಲ್ಲಿಸತಕ್ಕದ್ದು. ತಪ್ಪಿಸಿಕೊಳ್ಳಲು ಹಠಾತ್ತನೆ ತಿರುಗುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ತನ್ನ ಪ್ರಾಣದೊಡನೆ ಪರರ ಪ್ರಾಣವನ್ನೂ ಪಣಕ್ಕೊಡ್ಡುವ ಹುಚ್ಚುತನ. ಲೈಸೆನ್ಸು, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ ಇವನ್ನು ಕೇಳಿದರೆ ತೋರಿಸತಕ್ಕದ್ದು. ಇವನ್ನು ಕಾಗದದ ರೂಪದಲ್ಲಿಯೇ ಒಯ್ಯಬೇಕೆಂಬ ಕಟ್ಟು ಈಗಿಲ್ಲ. ಡಿಜಿಲಾಕರ್ ಮುಂತಾದ ಸರಕಾರದ ವ್ಯವಸ್ಥೆಯ ಮೂಲಕ ಫೋನಿನಲ್ಲಿ ತೋರಿಸಿದರೂ ಸಾಕೆಂದು ಕೇಂದ್ರ ನಿಯಮಾವಳಿಯೇ 2018ರಿಂದ ಒಪ್ಪಿದೆ.

ಎರಡನೆಯದಾಗಿ, ತನ್ನ ತಪ್ಪೇನು, ಅದು ಯಾವ ಕಲಮಿನ ಕೆಳಗೆ ಬರುತ್ತದೆ ಎಂಬುದನ್ನು ವಿನಯದಿಂದ ಕೇಳಬೇಕು. ಕೇಳುವುದು ಉದ್ಧಟತನವಲ್ಲ, ಅದು ಹಕ್ಕು. ಆಮೇಲೆ ಆತನ ಮುಂದಿರುವ ನ್ಯಾಯವಾದ ದಾರಿಗಳು ಎರಡೇ. ತಪ್ಪು ನಿಜವೆಂದು ಮನಸ್ಸಿಗೆ ತೋರಿದರೆ, ಸ್ಥಳದಲ್ಲಿಯೇ ತೀರಿಸಬಹುದಾದ ತಪ್ಪುಗಳಿಗೆ ಸರಕಾರವು ಅಧಿಸೂಚನೆಯಿಂದ ಅಧಿಕಾರವಿತ್ತ ದರ್ಜೆಯ ಅಧಿಕಾರಿಗೆ ದಂಡವನ್ನು ತೆತ್ತು, ಯಂತ್ರದಿಂದ ಹೊರಡುವ ರಸೀದಿಯನ್ನು ಪಡೆಯಬೇಕು. ಹಾಗೆ ತೆತ್ತಲ್ಲಿಗೆ ಆ ತಪ್ಪಿನ ನ್ಯಾಯಾಲಯದ ವ್ಯವಹಾರ ಮುಗಿಯಿತು. ತಪ್ಪು ತನ್ನದಲ್ಲವೆಂದು ತೋರಿದರೆ, ಹಣ ಕೊಡದೆ, ಜಗಳವನ್ನೂ ಆಡದೆ, "ನ್ಯಾಯಾಲಯದಲ್ಲಿ ಉತ್ತರ ಕೊಡುತ್ತೇನೆ" ಎಂದು ಹೇಳಿ ನೋಟೀಸನ್ನು ಪಡೆಯಬೇಕು. ತೀರ್ಪು ಕೊಡುವವರು ಮ್ಯಾಜಿಸ್ಟ್ರೇಟರೇ ಹೊರತು ವೃತ್ತದಲ್ಲಿ ನಿಂತವರಲ್ಲ. ಆದುದರಿಂದ ರಸ್ತೆಯಲ್ಲಿ ವಾದಿಸಿ ಗೆದ್ದವನೂ ಇಲ್ಲ, ಗೆಲ್ಲಬೇಕಾದ ಅಗತ್ಯವೂ ಇಲ್ಲ.

ಲೈಸೆನ್ಸನ್ನು ವಶಪಡಿಸಿಕೊಳ್ಳುವ ವಿಷಯದಲ್ಲಿಯೂ ಕಾಯಿದೆ ಮೌನವಾಗಿಲ್ಲ. ಆಪಾದಿತನು ಸಮನ್ಸಿನಿಂದ ತಪ್ಪಿಸಿಕೊಳ್ಳಬಹುದೆಂಬ ಕಾರಣವಿದ್ದಲ್ಲಿ, ಅತಿವೇಗ, ಕುಡಿತ, ಹೆಲ್ಮೆಟ್ಟಿಲ್ಲದಿರುವುದು ಮುಂತಾದ ಕೆಲವು ತಪ್ಪುಗಳಲ್ಲಿ, 206ನೆಯ ಕಲಮು ಈ ಅಧಿಕಾರವನ್ನು ಕೊಡುತ್ತದೆ. ಆದರೆ ಸಮನ್ಸಿನ ಕಾರಣಕ್ಕಾಗಿ ಲೈಸೆನ್ಸನ್ನು ತೆಗೆದುಕೊಂಡವನು ತಾತ್ಕಾಲಿಕ ಸ್ವೀಕೃತಿ ಪತ್ರವನ್ನು ಕೊಡಲೇಬೇಕು. ಅದಿದ್ದರೆ ವಾಹನ ನಡೆಸಬಹುದು. ಪತ್ರವಿಲ್ಲದೆ ಲೈಸೆನ್ಸನ್ನು ಜೇಬಿಗಿಳಿಸುವುದಕ್ಕೆ ಕಾಯಿದೆಯ ಆಧಾರವಿಲ್ಲ.

ಈ ಎರಡು ದಾರಿಗಳಲ್ಲದೆ ಮೂರನೆಯದೊಂದನ್ನು ನಮ್ಮ ಜನರು ಸವೆಸಿ ಸವೆಸಿ ಹೆದ್ದಾರಿಯನ್ನಾಗಿ ಮಾಡಿದ್ದಾರೆ. ಐನೂರರ ಬದಲು ಇನ್ನೂರು, ರಸೀದಿ ಬೇಡ, ಹೊರಟುಹೋಗಿ ಎಂಬುದೇ ಆ ದಾರಿ. ಇದರಲ್ಲಿ ಮುನ್ನೂರು ರೂಪಾಯಿ ಉಳಿಯಿತೆಂದು ಹಿಗ್ಗುವವನು ಕೊಡುವವನ ಮೇಲೂ ಕಾಯಿದೆಯ ಕಣ್ಣಿದೆಯೆಂಬುದನ್ನು ಅರಿಯನು. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ನಿರೋಧಕ ಕಾಯಿದೆಯಂತೆ ಲಂಚ ಕೊಟ್ಟವನಿಗೂ ಏಳು ವರ್ಷಗಳವರೆಗೆ ಸೆರೆಮನೆಯುಂಟು. ಬಲವಂತಕ್ಕೆ ಸಿಲುಕಿ ಕೊಟ್ಟವನು ಏಳು ದಿನಗಳೊಳಗಾಗಿ ದೂರಿತ್ತರೆ ಮಾತ್ರ ಅವನಿಗೆ ರಕ್ಷಣೆ. ಹಾಗೆ ದೂರು ಕೊಡಬಯಸುವವರಿಗೆ ನಮ್ಮ ರಾಜ್ಯದಲ್ಲಿ ಲೋಕಾಯುಕ್ತದ ಬಾಗಿಲಿದೆ. ಇನ್ನೂರು ರೂಪಾಯಿಯ ಮಾತಿಗೆ ಇಷ್ಟು ದೂರವೇ ಎಂದು ನಗುವವರುಂಟು. ಆದರೆ ಹನಿಗೂಡಿ ಹಳ್ಳವಾಗುವುದು ಹೀಗೆಯೇ.

ಈಗ ಮನುಷ್ಯನ ಬದಲು ಯಂತ್ರವೂ ಕಾವಲಿಗೆ ನಿಂತಿದೆ. ಬೆಂಗಳೂರಿನ ಐವತ್ತು ವೃತ್ತಗಳಲ್ಲಿ 2022ರ ಡಿಸೆಂಬರಿನಲ್ಲಿ ಆರಂಭವಾದ ಕ್ಯಾಮರಾ ವ್ಯವಸ್ಥೆಯು ಯಾರ ಫೋನನ್ನೂ ಕೇಳಿಸಿಕೊಳ್ಳುವುದಿಲ್ಲ. 2025ರಲ್ಲಿ ಮುಖ್ಯಮಂತ್ರಿಗಳ ಸರಕಾರಿ ಕಾರಿನ ಮೇಲೆಯೂ ಸೀಟ್ ಬೆಲ್ಟಿನ ಕಾರಣದಿಂದ ದಂಡಗಳು ಬಿದ್ದಿದ್ದುವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಆದರೆ ಯಂತ್ರವೂ ತಪ್ಪೋದಬಲ್ಲುದು. ಆದುದರಿಂದ ನೋಟೀಸು ಬಂದವರು ಅದರಲ್ಲಿರುವ ಚಿತ್ರ, ಸಂಖ್ಯೆ, ಸ್ಥಳ, ವೇಳೆ, ಕಲಮು ಇವನ್ನು ಪರೀಕ್ಷಿಸಬೇಕು. ವಾಹನ ತಮ್ಮದಲ್ಲದಿದ್ದರೆ ಕೂಡಲೇ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಬೇಕು. ಕ್ಯಾಮರಾದ ನೋಟೀಸನ್ನು ತಪ್ಪು ನಡೆದ ಹದಿನೈದು ದಿನಗಳಲ್ಲಿ ಕಳುಹಿಸಬೇಕೆಂದು 2021ರ ನಿಯಮವು ಸರಕಾರಕ್ಕೂ ಕಟ್ಟು ಹಾಕಿದೆ. ಇನ್ನೊಂದು ಎಚ್ಚರಿಕೆ: ದಂಡ ಬಾಕಿಯಿದೆಯೆಂದು ವಾಟ್ಸಾಪಿನಲ್ಲಿ ಬರುವ ಕಡತವನ್ನು ಒತ್ತಿ ಬ್ಯಾಂಕಿನ ಹಣವನ್ನೆಲ್ಲ ಕಳೆದುಕೊಂಡವರಿದ್ದಾರೆ. ಹಣ ತೆರಬೇಕಾದುದು ಪೋಲೀಸು ಠಾಣೆಯಲ್ಲಿ, ಬೆಂಗಳೂರು ಒನ್ ಕೇಂದ್ರಗಳಲ್ಲಿ ಅಥವಾ ಸರಕಾರದ ಅಧಿಕೃತ ತಾಣದಲ್ಲಿ. ಅಪರಿಚಿತರು ಕಳುಹಿಸಿದ ಕೊಂಡಿಯ ಮೂಲಕ ಎಂದಿಗೂ ಅಲ್ಲ.

ಈ ಪ್ರಸಂಗದಲ್ಲಿ ಸರಕಾರಕ್ಕೆ ಎರಡು ಮಾತು ಹೇಳದಿರಲಾರೆವು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮೀರಿದ ಹಣ ಹರಿದುಬಂದಿತು. ಆಮೇಲೆ ಅದೇ ವರ್ಷ ಮತ್ತೆ, 2025ರ ಆಗಸ್ಟಿನಲ್ಲಿ ಮತ್ತೂ ಒಮ್ಮೆ ಅದೇ ಮಾರಾಟ ನಡೆಯಿತು. ಬೊಕ್ಕಸ ತುಂಬಿತು, ನಿಜ. ಆದರೆ ತಡೆದ ಸ್ಥಳದಲ್ಲಿಯೇ ಪೂರ್ಣವಾಗಿ ತೆತ್ತವನು ಮೂರ್ಖನೆಂದೂ, ಕಾದು ಕುಳಿತವನು ಜಾಣನೆಂದೂ ಪಾಠವಾಯಿತಲ್ಲ! ಶಿಕ್ಷೆಯು ದೀಪಾವಳಿಯ ಜವಳಿಯಂತೆ ಸೋಡಿಗೆ ದೊರೆತರೆ ಅದಕ್ಕೆ ಯಾರು ಅಂಜುವರು?

ಎರಡನೆಯದು ಇದಕ್ಕಿಂತ ಗಂಭೀರವಾದುದು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಹಸುಳೆಯೊಂದನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆತಾಯಿಗಳ ಬೈಕನ್ನು ಹೆಲ್ಮೆಟ್ಟಿನ ತಪಾಸಣೆಗೆಂದು ತಡೆದಾಗ, ಮಗುವು ಬಿದ್ದು ವಾಹನದಡಿ ಸಿಲುಕಿ ಸತ್ತಿತು. ಪ್ರಾಣವನ್ನುಳಿಸಲೆಂದು ಹುಟ್ಟಿದ ನಿಯಮವೇ ಪ್ರಾಣವನ್ನು ತೆಗೆಯಿತು. ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರರು ಅಮಾನತಾದರು. ಅನಂತರ ರಾಜ್ಯದ ಪೋಲೀಸು ಮುಖ್ಯಸ್ಥರು, ವಾಹನಗಳನ್ನು ಹಠಾತ್ತನೆ ಅಡ್ಡಗಟ್ಟಬಾರದು, ಕೀಲಿಯನ್ನು ಕಿತ್ತುಕೊಳ್ಳಬಾರದು ಎಂದು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರಿಯ ಕಾಗದ ನೋಡಲು ಯಾರನ್ನೂ ತಡೆಯಬಾರದೆಂಬ ಆದೇಶ 2022ರಲ್ಲಿಯೇ ಹೊರಟಿತ್ತು. ಆದೇಶಗಳಿಗೆ ಕೊರತೆಯಿಲ್ಲ, ಅವು ಕಚೇರಿಯಿಂದ ವೃತ್ತದವರೆಗೆ ನಡೆದುಬರುವುದಕ್ಕೇ ಕೊರತೆ. ಕಾಯಿದೆಯನ್ನು ಜಾರಿ ಮಾಡುವವರೇ ಅದನ್ನು ಮುರಿದರೆ ದಂಡ ಇಮ್ಮಡಿಯೆಂದು ಕಾಯಿದೆಯೇ ಸಾರುತ್ತಿರುವುದನ್ನೂ ಇಲಾಖೆಯು ಮರೆಯದಿರಲಿ.

ಕೊನೆಯ ಮಾತು ನಮ್ಮ ಓದುಗರಲ್ಲಿ ಅಧಿಕಾರದಲ್ಲಿರುವ ಮಹನೀಯರಿಗೆ. ತಮ್ಮ ಬಂಧುವೋ ಸ್ನೇಹಿತನೋ ಯಾವುದೋ ವೃತ್ತದಿಂದ ಕರೆಮಾಡಿ "ಸ್ವಲ್ಪ ಹೇಳಿ" ಎಂದಾಗ, ಅದೇ ವೃತ್ತದಲ್ಲಿ ಪಕ್ಕಕ್ಕೆ ನಿಂತಿರುವ ಆ ತರುಣನನ್ನು ಅವರು ನೆನೆಯಲಿ. ಅವರು ಆಡುವ ಒಂದು ಮಾತಿನಿಂದ ಉಳಿಯುವುದು ಐನೂರು ರೂಪಾಯಿ. ಅಳಿಯುವುದು ಕಾಯಿದೆ ಎಲ್ಲರಿಗೂ ಒಂದೇ ಎಂಬ ಆ ಹುಡುಗನ ನಂಬಿಕೆ. "ತಪ್ಪಾಗಿದ್ದರೆ ದಂಡ ತೆತ್ತು ರಸೀದಿ ತೆಗೆದುಕೋ, ಆಗಿಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗು" ಎಂದು ಅವರು ಉತ್ತರಿಸಲಿ. ಈ ಉತ್ತರವನ್ನು ಕೊಡುವ ಧೈರ್ಯ ನೂರು ಮಂದಿಗೆ ಬಂದರೂ ಸಾಕು, ವೃತ್ತದಲ್ಲಿ ನಿಂತ ಅಧಿಕಾರಿಗೆ "ಆಗಲಿ ಸಾರ್" ಎನ್ನುವ ಸಂಕಟ ತಪ್ಪೀತು.