ಹೊಲದಲ್ಲಿ ಟ್ಯಾಬ್ಲೆಟ್ಟು, ಕಛೇರಿಯಲ್ಲಿ ಗಣಕಯಂತ್ರ

ಹನ್ನೆರಡು ಹದಿಮೂರು ಅಂಗುಲದ ಪರದೆಯುಳ್ಳ ಟ್ಯಾಬ್ಲೆಟ್ಟುಗಳು ಪೇಟೆಗೆ ಬಂದಂದಿನಿಂದ, ಇನ್ನು ಗಣಕಯಂತ್ರವೇ ಬೇಡ, ಸಕಲ ವ್ಯವಹಾರವೂ ಅದೊಂದರಲ್ಲಿಯೇ ಸಾಗುವದೆಂದು ಹೇಳುವವರು ಹೆಚ್ಚಾಗಿರುವರು. ಆಪಲ್ ಕಂಪನಿಯವರು 2015ರಲ್ಲಿ 12.9 ಅಂಗುಲದ ಐಪ್ಯಾಡ್ ಪ್ರೋ ಹೊರತಂದಾಗಿನಿಂದ ಈ ಮಾತಿಗೆ ಬಲ ಬಂದಿತು. ಚಿತ್ರಕಾರರಿಗೆ ಅದು ಎಷ್ಟು ಸರಿಯೋ ಅವರೇ ಬಲ್ಲರು. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಭೂಮಾಲಕರಿಗಾದರೋ ಈ ಪ್ರಶ್ನೆಯು ಬೆಳೆ ಸಮೀಕ್ಷೆಯ ಬಾಗಿಲಿನಿಂದ ಒಳಗೆ ಬಂದಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿಯ ಪರಿಹಾರ ಇವೆಲ್ಲಕ್ಕೂ ಈಗ ಆ ಸಮೀಕ್ಷೆಯ ದಾಖಲೆಯನ್ನೇ ನೋಡಲಾಗುತ್ತದೆ.

ಸಮೀಕ್ಷೆಯು 2017ರಿಂದ ಮೊಬೈಲ್ ಆ್ಯಪಿನ ಮೂಲಕ ನಡೆದಿದೆ. 2020ರಿಂದ ರೈತನು ತಾನೇ ತನ್ನ ಬೆಳೆಯನ್ನು ದಾಖಲಿಸಲು ಅನುಕೂಲವಾಯಿತು. ದಾಖಲಿಸುವವನು ಆ ಸರ್ವೆ ನಂಬರಿನಲ್ಲಿಯೇ ನಿಂತು, ಬೆಳೆಯ ಹೆಸರನ್ನೂ ಎಕರೆ ಗುಂಟೆಗಳನ್ನೂ ತುಂಬಿ ಚಿತ್ರ ತೆಗೆಯಬೇಕು. ಈ ಕೆಲಸಕ್ಕೆ ಗಣಕಯಂತ್ರವು ನಿರುಪಯೋಗಿ. ಚಿಕ್ಕ ಫೋನಿಗಿಂತ ಟ್ಯಾಬ್ಲೆಟ್ಟು ಮೇಲು. ಅದರ ನಕ್ಷೆಯಲ್ಲಿ ಪೋಟ ಹಿಸ್ಸೆಯ ಬದುವು ಸ್ಪಷ್ಟವಾಗಿ ಕಂಡು, ವಯಸ್ಸಾದ ಒಕ್ಕಲಿಗನೂ "ಇದು ತಮ್ಮನ ಪಾಲು, ಇದು ನನ್ನದು" ಎಂದು ಬೆರಳಿಟ್ಟು ತೋರಿಸಬಲ್ಲನು. ಈ ಭಾಗದ ಎರೆಭೂಮಿಯಲ್ಲಿ ಇದರ ಮಹತ್ವವು ವಿಶೇಷವಾದುದು. ಜೂನದಲ್ಲಿ ಬಿತ್ತಿದ ಹೆಸರು ಎರಡು ಎರಡೂವರೆ ತಿಂಗಳಲ್ಲಿ ರಾಶಿಯಾಗಿ, ಅದೇ ಹೊಲಕ್ಕೆ ಹಿಂಗಾರಿಯ ಕಡಲೆ, ಬಿಳಿಜೋಳ, ಕುಸುಬೆ ಬೀಳುತ್ತವೆ. ಆಗಸ್ಟ ಮುಗಿಯುವದರೊಳಗೆ ಆಗದ ದಾಖಲೆಯು ಮುಂದೆ ಆಗುವಂತೆಯೇ ಇಲ್ಲ.

ಹಾಗೆಂದು ಪರದೆ ದೊಡ್ಡದಾದಷ್ಟೂ ಒಳ್ಳೆಯದೆಂದಲ್ಲ. ಮಳೆಯಲ್ಲಿ ನೆನೆದ ಎರೆಮಣ್ಣು ಕಾಲಿಗೆ ಅಂಟುತ್ತಿರುವಾಗ ಹದಿಮೂರು ಅಂಗುಲದ ಹಲಗೆಯನ್ನು ಹಿಡಿದು ನಡೆಯುವವನ ಪಾಡು ಅಂಗಡಿಯವನಿಗೆ ತಿಳಿಯದು. ಬಿಸಿಲಲ್ಲಿ ಪರದೆಯು ಕಾಣದು. ಮುಂಜಾನೆ ಕಡಲೆಯ ಹೊಲದ ಹುಳಿಮಂಜಿನಿಂದ ತೊಯ್ದ ಬೆರಳನ್ನು ಅದು ಗುರುತಿಸದು. ಹೊಲಕ್ಕೆ ಎಂಟು ಹತ್ತು ಅಂಗುಲದ್ದೇ ಸಾಕು.

ಕಛೇರಿಯ ಮಾತು ಬೇರೆ. ಹೆಸರಿಗೆ ವಿಮೆ ತುಂಬಿದವನ ಹೊಲದಲ್ಲಿ ಗೋವಿನಜೋಳವೆಂದು ದಾಖಲಾಗಿದ್ದರೆ ವಿಮೆಯ ಹಣಕ್ಕೆ ತಡೆ ಬೀಳುವದುಂಟು. ಅದನ್ನು ತಿದ್ದಬೇಕಾದರೆ 2000ದಲ್ಲಿ ಆರಂಭವಾದ ಭೂಮಿ ಯೋಜನೆಯ ಉತಾರ, ಫ್ರೂಟ್ಸ್ ನೋಂದಣಿ, ವಿಮೆಯ ಅರ್ಜಿ, ಹೊಲದ ಚಿತ್ರ ಈ ನಾಲ್ಕನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಊರಿನ ನೂರಾರು ಹಿಸ್ಸೆಗಳ ಪಟ್ಟಿಯನ್ನು ಕ್ರಮವಾಗಿ ಜೋಡಿಸಬೇಕು. ಬೆರಳಿನಿಂದ ಪರದೆ ಸರಿಸುತ್ತ ಈ ಕೆಲಸ ಮಾಡುವವನು ಒಂದು ಸಾಲು ತಪ್ಪಿದರೆ ಒಬ್ಬನ ಬೆಳೆ ಮತ್ತೊಬ್ಬನ ಹೆಸರಿಗೆ ಬೀಳುತ್ತದೆ. 2025ರಲ್ಲಿ ಐಪ್ಯಾಡಿಗೆ ಹಲವು ಕಿಟಕಿಗಳನ್ನು ಒಟ್ಟಿಗೆ ತೆರೆಯುವ ಸೌಕರ್ಯ ಬಂದಿರುವದು ನಿಜ. ಆದರೆ ವಿಂಡೋಸ್ ಯಂತ್ರದ ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಕಾಗದಪತ್ರಗಳನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಎದುರಾಗುತ್ತದೆ! ಇನ್ನು ಕೀಲಿಮಣೆಯನ್ನೂ ಮೌಸನ್ನೂ ಕೊಂಡು ಅದಕ್ಕೆ ಜೋಡಿಸಿದರೆ, ವೆಚ್ಚವು ಲ್ಯಾಪ್‌ಟಾಪಿನದೇ ಆಗಿ, ಅನುಕೂಲ ಮಾತ್ರ ಅದಕ್ಕಿಂತ ಕಡಿಮೆಯಾಗಿರುತ್ತದೆ.

ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರದಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿ, ಅನೇಕ ಆ್ಯಪುಗಳ ಕೆಲಸವನ್ನು ಹೇರಿ ತಕ್ಕ ಸಾಧನಗಳನ್ನು ಕೊಟ್ಟಿಲ್ಲವೆಂದು ಲ್ಯಾಪ್‌ಟಾಪು ಮೊದಲಾದವನ್ನು ಬೇಡಿದ್ದು ಅಕಾರಣವಲ್ಲ. ಅದು ಕೇವಲ ನೌಕರರ ತಕರಾರೆಂದು ಭೂಮಾಲಕರು ತಿಳಿಯಕೂಡದು. ಕಛೇರಿಯಲ್ಲಿ ತಕ್ಕ ಯಂತ್ರವಿಲ್ಲದಿದ್ದರೆ ಉಳಿಯುವದು ಅವರದೇ ಹೊಲದ ತಪ್ಪು.

ಆದಕಾರಣ ಗ್ರಾಮದ ಪ್ರಮುಖರು ರೈತ ಸಂಪರ್ಕ ಕೇಂದ್ರದಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆಯುವ ಏರ್ಪಾಡಿಗೆ ಒಪ್ಪಬಾರದು. ಸಮೀಕ್ಷೆಯು ಮುಗಿದೊಡನೆ ಬೆಳೆ ದರ್ಶಕ ಆ್ಯಪಿನಲ್ಲಿ ತಮ್ಮ ಸರ್ವೆ ನಂಬರುಗಳನ್ನು ತೆರೆದು ನೋಡಿ, ಓದುಬಾರದ ಒಕ್ಕಲಿಗರಿಗೆ ಓದಿ ಹೇಳಿಸಿ, ಭೇದವಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು. ಸರ್ವೆ ನಂಬರಿನೊಡನೆ ಪೋಟ ಹಿಸ್ಸೆಯನ್ನು ತಪ್ಪದೆ ಬರೆಯಬೇಕು. ದಾಖಲಿಸುವ ದಿನ ಬೆಳೆಯ ಚಿತ್ರವನ್ನು ಬದುವು ಕಾಣುವಂತೆ ತೆಗೆಯಿಸುವದು ಅವಶ್ಯ. ಹೆಸರು ಕಿತ್ತು ಕಡಲೆ ಬಿತ್ತಿದ ಮೇಲೆ ಆ ಹೊಲದಲ್ಲಿ ಹೆಸರಿತ್ತೆಂದು ತೋರಿಸಲು ಆ ಚಿತ್ರಕ್ಕಿಂತ ಬೇರೆ ಸಾಕ್ಷಿಯು ಸುಲಭವಾಗಿ ದೊರೆಯದು.