ದೊಡ್ಡ ಫೈಲು ಕಳುಹಿಸುವ ಮುನ್ನ



ಮಗನ ಅಂಕಪಟ್ಟಿ, ಅಮ್ಮನ ಸ್ಕ್ಯಾನಿಂಗ್ ವರದಿ, ತಂಗಿಯ ನಿಕಾಹ್‌ನ ವಿಡಿಯೋ. ಇವನ್ನೆಲ್ಲ ದೂರದಲ್ಲಿರುವವರಿಗೆ ಕಳುಹಿಸುವ ಕೆಲಸ ಇಂದು ಹೆಚ್ಚಾಗಿ ಮನೆಯ ಮಗಳ ಅಥವಾ ಸೊಸೆಯ ಪಾಲಿಗೆ ಬರುತ್ತದೆ. ಒಂದೆರಡು ಫೋಟೋ ಆದರೆ ತೊಂದರೆಯಿಲ್ಲ. ಫೈಲು ದೊಡ್ಡದಾದಾಗಲೇ ಕಷ್ಟ ಶುರು. ಆಗ ಅವಸರದಲ್ಲಿ ಸಿಕ್ಕ ದಾರಿ ಹಿಡಿಯುತ್ತೇವೆ. ವರದಿ ಮಸುಕಾಗಿ ತಲುಪುತ್ತದೆ, ಇಲ್ಲವೇ ಮನೆಯ ಹೆಣ್ಣುಮಕ್ಕಳ ಚಿತ್ರಗಳು ಅಪರಿಚಿತರ ಕೈ ಸೇರುತ್ತವೆ.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಲ್ಲಿ ಒಂದು ಮನೆಯಿದೆ ಎಂದುಕೊಳ್ಳಿ. ಅಮ್ಮನ ತಲೆಯ ಎಂ.ಆರ್.ಐ. ಸ್ಕ್ಯಾನ್ ಆಗಿದೆ. ಬೆಂಗಳೂರಿನ ವೈದ್ಯರು ಅದನ್ನು ನೋಡಬೇಕು. ಮಗಳು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾಳೆ. ಆ ಫೋಟೋದಲ್ಲಿ ಸೂಕ್ಷ್ಮ ವಿವರಗಳು ಉಳಿಯುವುದಿಲ್ಲ. ಫೋಟೋ ಎಂದು ಕಳುಹಿಸಿದ್ದನ್ನು ವಾಟ್ಸ್‌ಆ್ಯಪ್ ಕುಗ್ಗಿಸಿಯೇ ಸಾಗಿಸುತ್ತದೆ. ಎಚ್‌ಡಿ ಎಂದು ಒತ್ತಿದರೂ ಸ್ವಲ್ಪ ಕುಗ್ಗುತ್ತದೆ. ಅದೇ ಫೈಲನ್ನು 'ಡಾಕ್ಯುಮೆಂಟ್' ಎಂಬ ಆಯ್ಕೆಯಿಂದ ಕಳುಹಿಸಿದರೆ ಇದ್ದದ್ದು ಇದ್ದ ಹಾಗೆಯೇ ತಲುಪುತ್ತದೆ. 2022ರಿಂದ ಹೀಗೆ 2 ಜಿಬಿಯವರೆಗಿನ ಫೈಲು ಕಳುಹಿಸಬಹುದು. ಅದಕ್ಕೂ ಮೊದಲು ಮಿತಿ 100 ಎಂಬಿ ಮಾತ್ರ ಇತ್ತು.

ಸ್ಕ್ಯಾನ್ ಮಾಡಿದಲ್ಲಿ ಸಿ.ಡಿ. ಕೇಳಿ ಪಡೆಯಿರಿ. ಅದರೊಳಗೆ ನೂರಾರು ಸಣ್ಣ ಫೈಲುಗಳಿರುತ್ತವೆ. ಒಂದೊಂದಾಗಿ ಕಳುಹಿಸಿದರೆ ಕೆಲವು ತಪ್ಪಿಹೋಗುತ್ತವೆ. ಇಡೀ ಫೋಲ್ಡರನ್ನು ಜಿಪ್ ಮಾಡಿ ಒಂದೇ ಗಂಟಾಗಿ ಕಳುಹಿಸಿ. ವಿಡಿಯೋವನ್ನು ಜಿಪ್ ಮಾಡಿ ಮಾತ್ರ ಪ್ರಯೋಜನವಿಲ್ಲ. ಅದು ಮೊದಲೇ ಕುಗ್ಗಿಸಿದ ಫೈಲು, ಮತ್ತೆ ಚಿಕ್ಕದಾಗುವುದಿಲ್ಲ.

ಇ-ಮೇಲ್ ಸಣ್ಣ ಕಾಗದಪತ್ರಗಳಿಗೆ ಸರಿ. ಜಿಮೇಲ್‌ನ ಮಿತಿ 25 ಎಂಬಿ. ಆದರೆ ಲಗತ್ತಿಸುವಾಗ ಫೈಲು ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಹಾಗಾಗಿ 18 ಎಂಬಿ ದಾಟಿದರೆ ಹಿಡಿಸುವುದು ಅನುಮಾನ.

ಇನ್ನೂ ದೊಡ್ಡದಕ್ಕೆ ಗೂಗಲ್ ಡ್ರೈವ್ ಇದೆ. ಫೈಲನ್ನು ಅಲ್ಲಿಟ್ಟು ಅದರ ಲಿಂಕನ್ನಷ್ಟೇ ಕಳುಹಿಸುವುದು. 15 ಜಿಬಿ ಜಾಗ ಉಚಿತ. ಆದರೆ ನಿಮ್ಮ ಮೇಲ್ ಮತ್ತು ಫೋಟೋಗಳಿಗೂ ಅದೇ ಜಾಗ. ಅದು ಭರ್ತಿಯಾದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ಇಲ್ಲಿ ಬಹಳ ಎಚ್ಚರ ಬೇಕಾದ ಸಂಗತಿ ಇನ್ನೊಂದಿದೆ. 'ಲಿಂಕ್ ಇರುವ ಯಾರಾದರೂ' ಎಂದು ಆರಿಸಿದರೆ, ಆ ಲಿಂಕ್ ಕೈಯಿಂದ ಕೈಗೆ ಹೋಗಿ ಯಾರಿಗೆ ಸಿಕ್ಕರೂ ನಿಕಾಹ್‌ನ ಆಲ್ಬಂ ತೆರೆಯುತ್ತದೆ. ನೋಡಬೇಕಾದವರ ಮೇಲ್ ವಿಳಾಸ ಹಾಕಿ, ಅವರಿಗಷ್ಟೇ ಅನುಮತಿ ಕೊಡಿ. ಅವರು ಇಳಿಸಿಕೊಂಡ ಮೇಲೆ ಅನುಮತಿಯನ್ನು ಹಿಂದಕ್ಕೆ ಪಡೆಯಿರಿ.

ಲಿಂಕ್ ಕಳುಹಿಸಬೇಕಾದರೂ ಫೈಲು ಮೊದಲು ನಿಮ್ಮ ಫೋನಿನಿಂದ ಮೇಲೇರಬೇಕಲ್ಲ! ಎಮ್ಮೆದೊಡ್ಡಿಯವರಿಗೆ ಮದಗದ ಕೆರೆಯ ಉದಾಹರಣೆಯೇ ಸಾಕು. ಕೆರೆ ಎಷ್ಟೇ ತುಂಬಿರಲಿ, ನೀರು ಹೊರಬರುವುದು ತೂಬು ಬಿಟ್ಟಷ್ಟೇ. ಮೊಬೈಲ್‌ನಲ್ಲಿ ಇಳಿಸಿಕೊಳ್ಳುವ ವೇಗಕ್ಕಿಂತ ಏರಿಸುವ ವೇಗ ಸಾಮಾನ್ಯವಾಗಿ ಕಡಿಮೆ. ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ 1 ಜಿಬಿ ಏರಲು ಒಂದು ಗಂಟೆಗೂ ಹೆಚ್ಚು ಬೇಕು. ಹತ್ತು ಜಿಬಿಯ ಮದುವೆ ವಿಡಿಯೋಗೆ ಹತ್ತು ಗಂಟೆ ದಾಟುತ್ತದೆ.

ಇಂಥ ಭಾರದ ಫೈಲಿಗೆ ಪೆನ್‌ಡ್ರೈವ್ ಈಗಲೂ ಒಳ್ಳೆಯದು. ರಿಯಾದ್‌ನಲ್ಲಿರುವ ಅಣ್ಣನಿಗೆ, ಅಲ್ಲಿಗೆ ಹೊರಟ ನಂಬಿಕಸ್ತರ ಕೈಯಲ್ಲಿ ಕೊಟ್ಟು ಕಳುಹಿಸಬಹುದು. 32 ಜಿಬಿ ಖಾಲಿ ಇದ್ದರೂ 5 ಜಿಬಿಯ ಒಂದು ಫೈಲು ಹಿಡಿಸುತ್ತಿಲ್ಲವೇ? ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿದ್ದರೆ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ.

ಎದುರಿಗೇ ಇರುವವರಿಗೆ ಕೊಡಲು ಇಂಟರ್‌ನೆಟ್ಟೇ ಬೇಡ. ಆಂಡ್ರಾಯ್ಡ್ ಫೋನಿನ ಕ್ವಿಕ್ ಶೇರ್‌ನಿಂದ ಹತ್ತಿರದ ಫೋನಿಗೆ ನೇರವಾಗಿ ಹೋಗುತ್ತದೆ. ಹಿಂದೆ ಇದಕ್ಕೆ ಶೇರ್‌ಇಟ್, ಕ್ಸೆಂಡರ್ ಬಳಸುತ್ತಿದ್ದೆವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅವೂ ಸೇರಿದ್ದವು. ಅದೇ ವರ್ಷ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ವಿಟ್ರಾನ್ಸ್‌ಫರ್ ತಾಣಕ್ಕೂ ತಡೆ ಹಾಕಿಸಿತ್ತು. ಇಂದು ಸಿಗುವ ಉಚಿತ ಸೌಲಭ್ಯ ನಾಳೆ ಇಲ್ಲವಾಗಬಹುದು. ಆದ್ದರಿಂದ ನಿಮ್ಮಲ್ಲಿರುವ ಒಂದೇ ಪ್ರತಿಯನ್ನು ಯಾವ ತಾಣದ ಭರವಸೆಗೂ ಬಿಡಬೇಡಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಪೇಟೆಯ ಅಂಗಡಿಗೆ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಪೆನ್‌ಡ್ರೈವ್ ಕೊಟ್ಟು, "ನೀವೇ ಕಳುಹಿಸಿಬಿಡಿ" ಎಂದು ಹೇಳಿ ಬರಬೇಡಿ. ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ಕುಳಿತುಕೊಳ್ಳಿ. ಕಂಪ್ಯೂಟರ್‌ಗೆ ಹಾಕಿದ ಪ್ರತಿಯನ್ನು ಅಳಿಸಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ನಿಮ್ಮ ಮೇಲ್ ತೆರೆದಿದ್ದರೆ ಲಾಗೌಟ್ ಆಗಿ. ಮನೆಯವರ ಚಿತ್ರವೂ ರೋಗದ ವರದಿಯೂ ನಮ್ಮ ಕೈಗೆ ಕೊಟ್ಟ ಅಮಾನತ್ತು. ಇಷ್ಟು ಎಚ್ಚರ ಹೇಳಿದ್ದಕ್ಕೆ ಅಂಗಡಿಯವರು ಬೇಸರಪಟ್ಟರೂ ಪರವಾಗಿಲ್ಲ.

ಕೊನೆಯದಾಗಿ ಒಂದು ಮಾತು. 'ಸೆಂಡ್' ಎಂದು ತೋರಿಸಿದರೆ ತಲುಪಿತು ಎಂದಲ್ಲ. ಫೋನ್ ಮಾಡಿ ಕೇಳಿ. ವೈದ್ಯರ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ತೆರೆಯಿತೇ? ಅಣ್ಣ ವಿಡಿಯೋವನ್ನು ಕೊನೆಯವರೆಗೆ ನೋಡಿದನೇ? ಹೌದು ಎಂದ ಮೇಲೆಯೇ ಫೋನಿನಲ್ಲಿ ಜಾಗ ಮಾಡಿಕೊಳ್ಳಿ. ಆಗಲೂ ಮೂಲ ಪ್ರತಿಯೊಂದು ಮನೆಯ ಕಪಾಟಿನಲ್ಲಿ ಇರಲಿ.