ಯಂತ್ರ ಮುನಿದರೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ

ಉಪ್ಪು, ಬೊಜ್ಜು, ತಂಬಾಕು, ನಿದ್ದೆಗೇಡು: ರಕ್ತದೊತ್ತಡ ಏರಿಸುವ ಈ ಹಳೆಯ ನೆಂಟರ ಪರಿಚಯ ಎಲ್ಲರಿಗೂ ಉಂಟು. ಈಚೆಗೆ ಮನೆಗಳಲ್ಲಿ ಹೊಸ ನೆಂಟನೊಬ್ಬ ಸೇರಿಕೊಂಡಿದ್ದಾನೆ. ಅವಸರದಲ್ಲಿ ಅರ್ಜಿ ತುಂಬಲು ಕುಳಿತಾಗಲೇ 'ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ' ಎಂದು ಕಾಯಿಸುವ ಕಂಪ್ಯೂಟರ್, ನಿನ್ನೆ ಇದ್ದ ಗುಂಡಿಯನ್ನು ಇಂದು ಬೇರೆ ಕಡೆ ಬಚ್ಚಿಡುವ ಮೊಬೈಲು. ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚುಗಳಾಗಿ ತೆರೆದುಕೊಳ್ಳುವ ಪಾಡು ಬೇರೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಭಾಗ ಹಳೆಯ ಯಂತ್ರಗಳಲ್ಲಿ ಇಲ್ಲದಿರುವುದೇ ಹೆಚ್ಚು. ಹೀಗಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರುಗಳು ಮುದಿಯೆನಿಸಿಕೊಂಡವು.

ಇಂಥ ಕಿರಿಕಿರಿಗೆ ದೇಹ ಸುಮ್ಮನಿರುವುದಿಲ್ಲ. ಸಿಟ್ಟು ಬಂದಾಗ ಅಡ್ರಿನಲಿನ್ ಹರಿಯುತ್ತದೆ, ಎದೆ ವೇಗವಾಗಿ ಬಡಿಯುತ್ತದೆ, ಕತ್ತು ಭುಜಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಆರೋಗ್ಯವಂತರಲ್ಲಿ ಇದು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಹೆದರಬೇಕಿಲ್ಲ. ಆದರೆ ಕಂಪ್ಯೂಟರಿನೊಂದಿಗೆ ಜಗಳವಾಡಿ ಎದ್ದ ಕೂಡಲೇ ಬಿ.ಪಿ. ನೋಡಿಕೊಳ್ಳಬೇಡಿ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಚಹಾ ಬೇಡ.

ಪರದೆ ದಿಟ್ಟಿಸುವಾಗ ನಾವು ಕಣ್ಣು ಮಿಟುಕಿಸುವುದೂ ಕಡಿಮೆಯಾಗುತ್ತದೆ. ಕಣ್ಣು ಒಣಗಿ ಉರಿಯಲು ಇದೇ ಕಾರಣ. 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ್ದನ್ನು 20 ಸೆಕೆಂಡು ನೋಡಿ ಎನ್ನುತ್ತಾರೆ ನೇತ್ರತಜ್ಞರು. ನಮ್ಮ ಸೊರಬ ತಾಲ್ಲೂಕಿನವರಿಗೆ ಇದು ಕಷ್ಟವೇ? ಮಳೆಗಾಲದಲ್ಲಿ ಗುಡವಿ ಕೆರೆಯ ಮರಗಳ ಮೇಲೆ ಗೂಡು ಕಟ್ಟುವ ಬಿಳಿ ಕೆಂಬರಲು, ಬೆಳ್ಳಕ್ಕಿಗಳಿಗಿಂತ ಒಳ್ಳೆಯ ಕಣ್ಣಿನ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಸಿಟ್ಟಲ್ಲ, ನಾಚಿಕೆ. 'ನಮಗೆಲ್ಲಿ ಇದೆಲ್ಲ ಗೊತ್ತಾಗ್ತದೆ, ಬಿಡಿ ಡಾಕ್ಟ್ರೇ' ಎಂಬ ಮಾತನ್ನು ಹಿರಿಯರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಯಂತ್ರದ ವಿನ್ಯಾಸ ಕೆಟ್ಟದಾಗಿದ್ದರೂ ಜನ ತಮ್ಮನ್ನೇ ಹಳಿದುಕೊಳ್ಳುತ್ತಾರೆಂದು ಅಮೆರಿಕದ ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲೇ ವಿವರಿಸಿದ್ದರು. ತಪ್ಪು ಬಳಸುವವರದಲ್ಲ, ಬಳಸುವವರನ್ನು ಮರೆತು ಮಾಡಿದವರದು.

ಈ ನಾಚಿಕೆ ಕಂಪ್ಯೂಟರಿಗೆ ನಿಂತರೆ ಒಂದು ಅರ್ಜಿ ತಡವಾದೀತು, ಅಷ್ಟೆ. ಸಕ್ಕರೆ ಅಳೆಯುವ ಗ್ಲುಕೋಮೀಟರಿನವರೆಗೆ ಬಂದರೆ ಜೀವಕ್ಕೇ ಕುತ್ತು. ಪರದೆಯ ಮೇಲೆ ಅಂಕಿಯ ಬದಲು ಎರಡು ಇಂಗ್ಲಿಷ್ ಅಕ್ಷರ ಮೂಡುತ್ತದೆ. ಅದನ್ನು 'ಹಾಯ್' ಎಂದು ಓದಿ ಯಂತ್ರ ನಮಸ್ಕಾರ ಹೇಳಿತೆಂದು ನಕ್ಕು ಬಿಟ್ಟರೆ? ಅದು 'ಹೈ'. ಹಲವು ಯಂತ್ರಗಳಲ್ಲಿ ಸಕ್ಕರೆ 600 ಮಿಲಿಗ್ರಾಂ ದಾಟಿದೆ ಎಂದು ಅದರ ಅರ್ಥ. ಕೈ ತೊಳೆದು ಒರೆಸಿಕೊಂಡು ಇನ್ನೊಮ್ಮೆ ನೋಡಿ, ಮತ್ತೆ ಅದೇ ಬಂದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. 'ಲೋ' ಎಂದರೆ ಅಳತೆಗೂ ಸಿಗದಷ್ಟು ಕಡಿಮೆ. ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಮೂರು ಚಮಚ ಸಕ್ಕರೆ ಕೊಟ್ಟು ವೈದ್ಯರನ್ನು ಕಾಣಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ತೊಡಕು ಮಗನೋ ಮಗಳೋ ಪರದೇಶದಿಂದ ಪ್ರೀತಿಯಿಂದ ತಂದುಕೊಟ್ಟ ಯಂತ್ರದ್ದು. ನಮ್ಮಲ್ಲಿ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತೇವೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂಬ ಲೆಕ್ಕ. ಅಲ್ಲಿಯ 1 ಇಲ್ಲಿಯ 18ಕ್ಕೆ ಸಮ. 150 ನೋಡಿ ರೂಢಿಯಾದ ಅಜ್ಜನಿಗೆ 9 ಕಂಡರೆ, ಸಕ್ಕರೆ ಪಾತಾಳಕ್ಕಿಳಿಯಿತೆಂದು ಮನೆಯವರು ಬೆಲ್ಲದ ಪಾನಕ ಕುಡಿಸಿಯಾರು. ಅದು 162. 20 ಎಂದು ಬಂದರೆ ನಿಜವಾಗಿ 360. ಅಂಕಿಯ ಪಕ್ಕದ ಸಣ್ಣ ಅಕ್ಷರವನ್ನು ಮೊದಲು ಓದಿ, ಬೇರೆ ಅಳತೆಯ ಯಂತ್ರವನ್ನು ಬದಲಾಯಿಸಿ.

ಯಂತ್ರ ಕೊಂಡುಕೊಡುವ ಮಕ್ಕಳಿಗೆ ಒಂದು ಮಾತು. ಪೆಟ್ಟಿಗೆ ಕೈಗಿಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯಲಿಲ್ಲ. ಯಾವ ಗುಂಡಿ ಒತ್ತಬೇಕು, ಯಾವ ಅಂಕಿ ಬಂದರೆ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ಬ್ಯಾಟರಿ ಬದಲಿಸಿದಾಗ ದಿನಾಂಕ ಸರಿಯಿದೆಯೇ, ಪಟ್ಟಿಗಳ ಅವಧಿ ಮುಗಿದಿದೆಯೇ ನೋಡಿ. ಅಂಕಿಗಳನ್ನು ಯಂತ್ರದ ನೆನಪಿಗೆ ಬಿಡದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ; ಮಾತ್ರೆಯ ಚೀಟಿ, ರಕ್ತಪರೀಕ್ಷೆಯ ವರದಿಗಳ ಕಾಗದದ ಪ್ರತಿಯೂ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, 'ಇಷ್ಟೂ ಗೊತ್ತಾಗೋದಿಲ್ವಾ ಅಮ್ಮಾ?' ಎಂದು ಗದರಬೇಡಿ. ಹಾಗೆ ಗದರಿಸಿಕೊಂಡವರು ಎರಡನೆಯ ಸಲ ಕೇಳುವುದಿಲ್ಲ, ಯಂತ್ರವನ್ನು ಬೀರುವಿನೊಳಗೆ ಇಟ್ಟುಬಿಡುತ್ತಾರೆ.

ಕರ್ನಾಟಕದ ಹಳ್ಳಿಯಲ್ಲಿ ಮಾರುವ ಯಂತ್ರ 'ಸಕ್ಕರೆ ತೀರಾ ಹೆಚ್ಚು' ಎಂದು ಕನ್ನಡದಲ್ಲೇ ಹೇಳಲಿ ಎಂದು ಕೇಳುವುದು ಅತಿಯಾಸೆಯಲ್ಲ, ಬಳಸುವವರ ಹಕ್ಕು. ಕೊಳ್ಳುವಾಗ ಅಂಗಡಿಯಲ್ಲಿ ಬೆಲೆ ಕೇಳುವಷ್ಟೇ ಧೈರ್ಯವಾಗಿ ಅದನ್ನೂ ಕೇಳಿ. ಅರ್ಥವಾಗದ್ದನ್ನು ವೈದ್ಯರ ಮೇಜಿನ ಮೇಲಿಟ್ಟು ತೋರಿಸಿ. ಯಂತ್ರ ಕಲಿಸಿಕೊಡುವುದೂ ಈಗ ಚಿಕಿತ್ಸೆಯ ಭಾಗವೇ.